ರೋಲ್ಯಾಂಡ್: ಬೈಯುವವರೂ ಅವರೇ, ಬಿಡದವರೂ ಅವರೇ

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಗಡಿ ಇಟ್ಟವನಲ್ಲ, ಯಾವ ಕಂಪನಿಯೂ ನನಗೆ ಪುಕ್ಕಟೆ ಏನೂ ಕೊಟ್ಟಿಲ್ಲ. ಹತ್ತೊಂಬತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು. ಗಣಪತಿ ಪೆಂಡಾಲು, ಜಾತ್ರೆ, ಮದುವೆ ರಿಸೆಪ್ಶನ್ನು, ರಾಜ್ಯೋತ್ಸವ, ಯಾರು ಅಡ್ವಾನ್ಸ್ ಕೊಟ್ಟರೋ ಅಲ್ಲಿಗೆ. ಈಗ ಸೊಂಟ ಮಾತು ಕೇಳುವುದಿಲ್ಲ, ಹಾಗಾಗಿ ಸ್ಟೇಜು ಕಡಿಮೆ, ಮನೆಯಲ್ಲಿ ಮಕ್ಕಳಿಗೆ ಪಾಠ ಜಾಸ್ತಿ. ಪಾಠಕ್ಕೆ ಸೇರಿಸಿ ಮೂರು ತಿಂಗಳಾದ ಮೇಲೆ ಅಪ್ಪಂದಿರು ಒಬ್ಬೊಬ್ಬರಾಗಿ ಬಂದು ಕೇಳುವುದು ಒಂದೇ ಮಾತು: "ಸಾರ್, ಎಲ್ಲರೂ ರೋಲ್ಯಾಂಡ್ ರೋಲ್ಯಾಂಡ್ ಅಂತಾರೆ, ತಗೊಳ್ಳೋದಾ, ಬೇಡ್ವಾ?"

ಇದಕ್ಕೆ ಒಂದು ಸಾಲಿನಲ್ಲಿ ಉತ್ತರ ಕೊಡೋಕೆ ನನಗೆ ಇವತ್ತಿಗೂ ಆಗಿಲ್ಲ. ಯಾಕೆಂದರೆ ನನಗೆ ಗೊತ್ತಿರುವ ಇಬ್ಬರು ಎಲೆಕ್ಟ್ರಾನಿಕ್ ವಾದ್ಯ ಮಾಡುವ ಈ ಒಂದೇ ಕಂಪನಿಯ ಬಗ್ಗೆ ಮಾತಾಡಿದರೆ ಎರಡು ಬೇರೆ ಕಂಪನಿಗಳ ಬಗ್ಗೆ ಕೇಳಿದ ಹಾಗಿರುತ್ತದೆ. ಒಬ್ಬರು ನಮ್ಮ ಟ್ರೂಪಿನ ಪ್ಯಾಡ್ ಅಣ್ಣ. ಸ್ಟೇಜ್ ಹತ್ತಿದ ತಕ್ಷಣ ತಮ್ಮ ಎಸ್‌ಪಿಡಿ-20 ಪ್ಯಾಡನ್ನು, ಅಂದರೆ ಕೋಲಿನಲ್ಲಿ ಬಡಿಯುವ ರೋಲ್ಯಾಂಡಿನ ಎಲೆಕ್ಟ್ರಾನಿಕ್ ಡ್ರಮ್ಮನ್ನು, ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಕೋಲು ಕೈಗೆ ತೆಗೆದುಕೊಳ್ಳುವವರು. ಇನ್ನೊಬ್ಬ ನನ್ನ ಅಕ್ಕನ ಮಗ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ರಾತ್ರಿ ರೂಮಿನ ಬಾಗಿಲು ಹಾಕಿಕೊಂಡು ಎಲೆಕ್ಟ್ರಾನಿಕ್ ಸಂಗೀತ. ಅವನ ತೀರ್ಪು ಇಷ್ಟೇ: "ಮಾಮ, ಅವರು ಹಳೇ ಹೆಸರು ಮಾರ್ಕೊಂಡು ಹೊಟ್ಟೆ ಹೊರೀತಿದ್ದಾರೆ." ಹಾಗೆ ಹೇಳಿದವನ ಮೇಜಿನ ಮೇಲೆ ಆಗಲೇ ಮೂರು ರೋಲ್ಯಾಂಡ್ ಡಬ್ಬಗಳಿದ್ದವು. ಅದೇ ತಮಾಷೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ರೋಲ್ಯಾಂಡ್ ಶುರುವಾಗಿದ್ದು 1972ರಲ್ಲಿ, ಜಪಾನಿನ ಒಸಾಕಾದಲ್ಲಿ. ಕಟ್ಟಿದವರು ಇಕುತಾರೋ ಕಾಕೆಹಾಶಿ. ಹುಡುಗನಾಗಿದ್ದಾಗ ಗಡಿಯಾರ ರಿಪೇರಿ, ಆಮೇಲೆ ರೇಡಿಯೋ ರಿಪೇರಿ, ನಡುವೆ ಕ್ಷಯ ಹಿಡಿದು ವರ್ಷಗಟ್ಟಲೆ ಆಸ್ಪತ್ರೆ. ಸಂಗೀತ ಕ್ರಮವಾಗಿ ಕಲಿತವರಲ್ಲ. ರೋಲ್ಯಾಂಡಿಗೆ ಮುಂಚೆ ಏಸ್ ಟೋನ್ ಎಂಬ ಹೆಸರಲ್ಲಿ ಆರ್ಗನ್ನು, ತಾಳದ ಪೆಟ್ಟಿಗೆ ಮಾಡುತ್ತಿದ್ದರು. ರೋಲ್ಯಾಂಡಿನ ಮೊದಲ ಸರಕು ಕೂಡ ತಾಳದ ಪೆಟ್ಟಿಗೆಯೇ, ಟಿಆರ್-77. ಮರುವರ್ಷ ಎಸ್‌ಎಚ್-1000 ಎಂಬ ಸಿಂಥಸೈಜರ್ ಬಂತು, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಕೀಬೋರ್ಡು. ಈಗ ಮುಖ್ಯ ಕಚೇರಿ ಇರುವುದು ಹಮಾಮತ್ಸುವಿನಲ್ಲಿ. ಯಮಹಾದ ಊರೂ ಅದೇ. ಗಿಟಾರ್ ನುಡಿಸುವವರ ಕಾಲ ಕೆಳಗೆ ಇರುವ, ಬಾಸ್ ಎಂಬ ಹೆಸರಿನ ಪೆಡಲ್‌ಗಳು ಇದೇ ಮನೆಯವು.

ಈಗ ಟಿಆರ್-808 ಎಂಬ ತಾಳದ ಪೆಟ್ಟಿಗೆ. ಇದು ಬಂದಿದ್ದು 1980ರಲ್ಲಿ. ಮುಂದುಗಡೆ ಸಾಲಾಗಿ ಹದಿನಾರು ಗುಂಡಿ: ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಒಂದು ಆವರ್ತವನ್ನು ಹದಿನಾರು ತುಂಡು ಮಾಡಿ, ಎಲ್ಲಿ ಏಟು ಬೇಕೋ ಅಲ್ಲಿ ಒತ್ತಿದರೆ ಆಯಿತು. ಆಗ ನಿಜವಾದ ಡ್ರಮ್ಮಿನ ಸದ್ದನ್ನೇ ರೆಕಾರ್ಡ್ ಮಾಡಿ ಇಟ್ಟಿದ್ದ ಅಮೆರಿಕದ ಮೆಷಿನ್ ಒಂದಕ್ಕೆ ಸುಮಾರು 5,000 ಡಾಲರ್, ಇದಕ್ಕೆ 1,195. ಅಗ್ಗ ಏನೋ ಸರಿ, ಆದರೆ ಡ್ರಮ್ಮಿನ ಹಾಗೆ ಕೇಳಿಸುತ್ತಿರಲಿಲ್ಲ. ಕಿಕ್ ಏಟು ಕೊಟ್ಟರೆ ತಳದಲ್ಲಿ "ಬೂಂ..." ಎಂದು ಎಳೆದುಕೊಂಡು ಹೋಗುತ್ತದೆ, ತಾಳದ ಗಂಟೆ ಪಾತ್ರೆ ಬಡಿದ ಹಾಗೆ, ಚಪ್ಪಾಳೆ ಮಳೆಯಲ್ಲಿ ತಗಡು ಅಲುಗಾಡಿದ ಹಾಗೆ. ಅದರ ಸಿಂಬಲ್ಲಿನ ಸೊಯ್ಯನೆ ಸದ್ದಿಗೆ ಕಾಕೆಹಾಶಿ ಬೇಕಂತಲೇ ಸರಿಯಿಲ್ಲದ ಟ್ರಾನ್ಸಿಸ್ಟರ್‌ಗಳನ್ನು ಆರಿಸಿ ಕೊಂಡು ಹಾಕಿಸಿದ್ದರಂತೆ. ಟ್ರಾನ್ಸಿಸ್ಟರ್ ಮಾಡುವವರು ಕೆಲಸ ಸುಧಾರಿಸಿಕೊಂಡರು, ಕೆಟ್ಟ ಮಾಲು ಸಿಗದೆ ಹೋಯಿತು, 1983ಕ್ಕೆ 808 ನಿಂತಿತು. ಒಟ್ಟು ಮಾಡಿದ್ದು ಸುಮಾರು 12,000. ಆಮೇಲೆ ಅದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಿತ್ತು, ದುಡ್ಡಿಲ್ಲದ ಹುಡುಗರ ಕೈಗೆ ಸಿಕ್ಕಿತು, ಹಿಪ್‌ಹಾಪ್ ಅದರ ಮೇಲೆ ನಿಂತುಕೊಂಡಿತು. ಇವತ್ತು ನಮ್ಮ ಕನ್ನಡ ರ‍್ಯಾಪ್ ಹುಡುಗರು "ಅಣ್ಣ, 808 ಜಾಸ್ತಿ ಮಾಡಿ" ಎಂದು ಸೌಂಡಿನವನಿಗೆ ಹೇಳುತ್ತಾರಲ್ಲ, ಅವರಲ್ಲಿ ಎಷ್ಟೋ ಜನಕ್ಕೆ ಅದೊಂದು ಪೆಟ್ಟಿಗೆಯ ನಂಬರ್ ಅಂತಲೇ ಗೊತ್ತಿಲ್ಲ. ತಳದ ಗುಮ್ಮೆನ್ನುವ ಸದ್ದಿಗೇ ಆ ಹೆಸರು ಅಂಟಿಕೊಂಡುಬಿಟ್ಟಿದೆ.

ಟಿಬಿ-303 ಕಥೆ ಇನ್ನೂ ಚೆನ್ನಾಗಿದೆ. 1981ರಲ್ಲಿ ಬಂದ ಬೆಳ್ಳಿ ಬಣ್ಣದ ಸಣ್ಣ ಪೆಟ್ಟಿಗೆ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಗೆ ಬೇಸ್ ನುಡಿಸಲಿ ಎಂದು ಮಾಡಿದ್ದು. ಬೇಸ್ ಗಿಟಾರಿನ ಹಾಗೆ ಒಂದು ಚೂರೂ ಕೇಳಿಸಲಿಲ್ಲ. ಅದಕ್ಕೆ ಸ್ವರ ತುಂಬುವುದೋ, ದೊಡ್ಡ ತಲೆನೋವು. ಮೊದಲು ಸ್ವರಗಳನ್ನೆಲ್ಲ ಒಂದು ಸುತ್ತು ಒತ್ತಬೇಕು, ಆಮೇಲೆ ಲಯವನ್ನು ಇನ್ನೊಂದು ಸುತ್ತು. ಸುಮಾರು 10,000 ಮಾಡಿ 1984ರಲ್ಲಿ ಕೈ ಬಿಟ್ಟರು. ಆಮೇಲೆ ಶಿಕಾಗೋದ ಕೆಲವು ಹುಡುಗರು ಅಗ್ಗಕ್ಕೆ ಸಿಕ್ಕಿದ್ದನ್ನು ತಂದು, ಅದು ನುಡಿಯುತ್ತಿರುವಾಗಲೇ ಅದರ ಗುಂಡಿಗಳನ್ನು ಸುಮ್ನೆ ತಿರುವುತ್ತಾ ಹೋದರು. ಕೀಚಲು ಕೀಚಲಾಗಿ, ನೀರು ಗುಳುಗುಳು ಅನ್ನುವ ಹಾಗೆ ಒಂದು ಸದ್ದು ಬಂತು. ಆಸಿಡ್ ಹೌಸ್ ಎಂಬ ಸಂಗೀತವೇ ಅಲ್ಲಿಂದ ಹುಟ್ಟಿತು.

ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಶಿಕಾಗೋದವರಿಗೂ ಮುಂಚೆ, 1982ರಲ್ಲೇ, ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರರು 808, 303, ಜೊತೆಗೆ ರೋಲ್ಯಾಂಡಿನದ್ದೇ ಜುಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ಮಾಡಿದ್ದರು. ಆಗ ಕೊಂಡವರು ಕಮ್ಮಿ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಯುರೋಪಿನವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಭೈರವ್ ರಾಗ ಆ ಕೀಚಲು ಬೇಸಿನ ಮೇಲೆ ಸಾಗುವುದನ್ನು ನಾನು ಮೊದಲ ಸಲ ಕೇಳಿದಾಗ ನನ್ನ ಪಾಠದ ಹುಡುಗರನ್ನೆಲ್ಲ ಸುಮ್ಮನೆ ಕೂರಿಸಿ ಕೇಳಿಸಿದೆ. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯವಿದೆ, ಅದು ನಮ್ಮ ಜಾರು ಗಮಕಕ್ಕೆ ಎಷ್ಟು ಒಗ್ಗುತ್ತದೆ ಎಂದರೆ ಇದನ್ನು ಗಿಟಾರಿಗೆ ಅಂತ ಯಾಕೆ ಮಾಡಿದರೋ ಅನ್ನಿಸುತ್ತದೆ.

ನನ್ನ ತಕರಾರು ಇಲ್ಲೇ ಶುರುವಾಗುವುದು. ಈ ಕಂಪನಿ ಅದ್ಭುತ ಸಾಮಾನು ಮಾಡುತ್ತದೆ, ಆದರೆ ತಾನು ಮಾಡಿದ್ದು ಏನು ಅಂತ ಅದಕ್ಕೇ ಗೊತ್ತಾಗುವುದಿಲ್ಲ. ಇನ್ಯಾವುದೋ ಊರಿನ, ಇನ್ಯಾವುದೋ ಕೆಲಸದ ಜನ ಅದನ್ನು ಕಂಡುಹಿಡಿಯಬೇಕು. ಅಷ್ಟರಲ್ಲಿ ಇವರು ಅದನ್ನು ಮಾಡುವುದನ್ನೇ ನಿಲ್ಲಿಸಿರುತ್ತಾರೆ.

ಜುನೋ ಎಂಬ ಸಿಂಥಸೈಜರ್ ಸಾಲು ತೆಗೆದುಕೊಳ್ಳಿ. 1982ರ ಜುನೋ-60, 1984ರ ಜುನೋ-106. ದುಬಾರಿ ಜುಪಿಟರ್-8 ಕೊಳ್ಳಲಾಗದವರಿಗೆ ಅಂತ ಮಾಡಿದ್ದು. ದುಡ್ಡು ಉಳಿಸೋಕೆ ಒಂದು ಸ್ವರಕ್ಕೆ ಒಂದೇ ಆಸಿಲೇಟರ್, ಅಂದರೆ ಸದ್ದು ಹುಟ್ಟಿಸುವ ಭಾಗ, ಇಟ್ಟರು, ಸದ್ದು ತೆಳ್ಳಗಾಯಿತು. ಆ ತೆಳುವನ್ನು ಮುಚ್ಚೋಕೆ ಕೊನೆಯಲ್ಲಿ ಕೋರಸ್ ಎಂಬ, ಸದ್ದನ್ನು ದಪ್ಪ ಮಾಡುವ ಎಫೆಕ್ಟ್ ಹಾಕಿದರು. ಬಡವರ ಮನೆ ಸಾರಿಗೆ ಒಳ್ಳೆ ಒಗ್ಗರಣೆ ಬಿದ್ದ ಹಾಗಾಯಿತು. ಗುಂಡಿ ಒತ್ತಿದ ಕ್ಷಣ ಹಿಂದುಗಡೆ ಸಣ್ಣಗೆ "ಸ್ಸ್" ಎಂದು ಒಂದು ಸದ್ದು ಸೇರಿಕೊಳ್ಳುತ್ತದೆ, ಅದರ ಜೊತೆಗೇ ಇಡೀ ಸ್ವರ ಎಡಕ್ಕೂ ಬಲಕ್ಕೂ ಹರಡಿಕೊಂಡು ಬಿಸಿಯಾಗುತ್ತದೆ. ಇವತ್ತು ಜನ ಜುನೋಗೆ ಸಾಯುವುದೇ ಆ ಒಗ್ಗರಣೆಗೆ. 106ಕ್ಕೆ ಒಂದು ಹುಟ್ಟು ರೋಗವೂ ಇದೆ, ಅದು ಜಗತ್ತಿಗೇ ಗೊತ್ತು. ಸ್ವರಕ್ಕೊಂದರಂತೆ ಆರು ಕಪ್ಪು ಚಿಪ್ಪುಗಳಿವೆ, ಅವುಗಳ ಮೇಲೆ ಬಳಿದ ಲೇಪ ವರ್ಷಗಳು ಕಳೆದಂತೆ ಕೆಟ್ಟು ಸ್ವರ ಸಾಯುತ್ತದೆ ಅಥವಾ ಚಟಪಟ ಅನ್ನುತ್ತದೆ. ಬಲ್ಲವರು ಆ ಚಿಪ್ಪನ್ನು ಬಿಚ್ಚಿ, ಉಗುರು ಬಣ್ಣ ತೆಗೆಯುವ ಅಸಿಟೋನಿನಲ್ಲಿ ನೆನೆಸಿಟ್ಟು ಲೇಪ ಕಿತ್ತು ಬದುಕಿಸುತ್ತಾರೆ. 1991ರ ಜೆಡಿ-800ರಲ್ಲಿ ಇನ್ನೊಂದು: ಕೀಗಳ ಅಡಿಯಲ್ಲಿ ಭಾರ ಅಂಟಿಸಿದ ಕೆಂಪು ಗೋಂದು ಕರಗಿ ಒಳಗೆಲ್ಲ ಜಾಮಿನ ಹಾಗೆ ಇಳಿಯುತ್ತದೆ. "ರೋಲ್ಯಾಂಡ್ ಕಲ್ಲಿನ ಹಾಗೆ" ಎಂದು ಹೇಳುವವರಿಗೆ ಇದನ್ನೂ ಹೇಳಬೇಕು, ಅಲ್ವಾ?

1987ರ ಡಿ-50 ಸಿಂಥಸೈಜರ್ ಬಗ್ಗೆ ಒಂದು ಮಾತು. ಆಗ ಮೆಮೊರಿ ಚಿಪ್ಪು ಬಂಗಾರದ ಬೆಲೆ. ಪಿಯಾನೋದ ಒಂದು ಸ್ವರವನ್ನು ಪೂರ್ತಿ ರೆಕಾರ್ಡ್ ಮಾಡಿ ಇಡೋಕೆ ಜಾಗವಿಲ್ಲ. ಇವರ ಇಂಜಿನಿಯರುಗಳು ಒಂದು ಉಪಾಯ ಮಾಡಿದರು. ನಮ್ಮ ಕಿವಿ ವಾದ್ಯವನ್ನು ಗುರುತು ಹಿಡಿಯುವುದು ಮುಖ್ಯವಾಗಿ ಮೊದಲ ಏಟಿನಲ್ಲಿ, ವೀಣೆಯ ತಂತಿಗೆ ಉಗುರು ತಗಲುವ ಆ ಚಿಟಿಕೆ ಹೊತ್ತಿನಲ್ಲಿ. ಹಾಗಾಗಿ ಆ ಮೊದಲ ಏಟನ್ನು ಮಾತ್ರ ರೆಕಾರ್ಡ್ ಮಾಡಿ ಇಟ್ಟು, ಅದರ ಬಾಲವನ್ನು ಸಿಂಥಸೈಜರಿನಿಂದ ಹೊಲಿದರು. ಕಿವಿಗೆ ಮೋಸವೇ ಗೊತ್ತಾಗಲಿಲ್ಲ. ಅದರಲ್ಲಿ ಫ್ಯಾಂಟಾಸಿಯಾ ಎಂಬ ಒಂದು ಸದ್ದಿತ್ತು, ಮುಂದೆ ಗಂಟೆ, ಹಿಂದೆ ಮೋಡ. ನಿಮ್ಮ ಮನೆಯ ಮಕ್ಕಳ ಕೀಬೋರ್ಡಿನಲ್ಲಿ ಜನರಲ್ ಮಿಡಿ ಎಂಬ, ಎಲ್ಲ ಕಂಪನಿಗಳಿಗೂ ಒಂದೇ ಆದ ಸದ್ದುಗಳ ಪಟ್ಟಿ ಇದ್ದರೆ 89ನೇ ನಂಬರ್ ಒತ್ತಿ ನೋಡಿ. ಅಲ್ಲಿರುವುದು ಅದರದ್ದೇ ಮೊಮ್ಮಗು. ಯಾವ ಕಂಪನಿಯ ಕೀಬೋರ್ಡಾದರೂ ಸರಿ.

ಆ ಮಿಡಿಗೂ ಈ ಕಾಕೆಹಾಶಿಯೇ ಅರ್ಧ ಕಾರಣ. ಐದು ಪಿನ್ನಿನ ಒಂದು ವೈರ್ ಹಾಕಿದರೆ ಯಾವ ಕಂಪನಿಯ ಕೀಬೋರ್ಡ್ ಆದರೂ ಇನ್ನೊಂದನ್ನು ನುಡಿಸಬಹುದು ಎಂಬ ವ್ಯವಸ್ಥೆ. 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯ ಮೇಳದಲ್ಲಿ ಇವರ ಜುಪಿಟರ್-6ಕ್ಕೂ ಅಮೆರಿಕದ ಸಿಂಥಸೈಜರ್ ತಯಾರಕ ಡೇವ್ ಸ್ಮಿತ್ ಅವರ ಪ್ರಾಫೆಟ್-600ಕ್ಕೂ ವೈರ್ ಹಾಕಿ ತೋರಿಸಿದರು. ಯಾರ ಹತ್ತಿರವೂ ಕಾಸು ಕೇಳದೆ ಬಿಟ್ಟುಕೊಟ್ಟರು. 2013ರಲ್ಲಿ ಇಬ್ಬರಿಗೂ ಸೇರಿಸಿ ತಾಂತ್ರಿಕ ಗ್ರ್ಯಾಮಿ ಬಂತು. ಇದನ್ನು ನೆನೆದಾಗ ಮಾತ್ರ ಅಕ್ಕನ ಮಗನೂ ಬಾಯಿ ಮುಚ್ಚಿಕೊಳ್ಳುತ್ತಾನೆ.

ಇನ್ನು ನಮ್ಮ ಕಡೆಗೆ ಬರೋಣ. ಆರ್ಕೆಸ್ಟ್ರಾದವರಿಗೆ ರೋಲ್ಯಾಂಡ್ ಎಂದರೆ 808ಊ ಅಲ್ಲ, ಜುನೋನೂ ಅಲ್ಲ. ಎಕ್ಸ್‌ಪಿ-50, ಎಕ್ಸ್‌ಪಿ-60 ಎಂಬ ಕೀಬೋರ್ಡುಗಳು, ಮತ್ತೆ ಪ್ಯಾಡು. ಎಕ್ಸ್‌ಪಿ-60 ಬಂದಿದ್ದು 1998ರಲ್ಲಿ. 61 ಕೀ, ಒಟ್ಟಿಗೆ 64 ಸದ್ದು, ಫ್ಲಾಪಿ, ಒಳಗೆ ಹೆಚ್ಚಿನ ಸದ್ದುಗಳ ನಾಲ್ಕು ಕಾರ್ಡ್ ಕೂರಿಸುವ ಜಾಗ. ಏಷ್ಯಾ ಕಾರ್ಡ್ ಎಂದು ಒಂದು ಬರುತ್ತಿತ್ತು, ಅದು ಒಳಗಿದ್ದರೆ ಸಿತಾರ್, ಶಹನಾಯಿಗೆ ಮರ್ಯಾದೆ. ಒಂದು ಕಾಲದಲ್ಲಿ ಪ್ರೋಗ್ರಾಮ್ ಒಪ್ಪಿಸೋಕೆ ಬಂದವರು "ಕೀಬೋರ್ಡ್ ಯಾವುದು ಸಾರ್?" ಎಂದು ಕೇಳಿ, 60 ಅಂದರೆ ಐನೂರು ರೂಪಾಯಿ ಜಾಸ್ತಿ ಕೊಡುತ್ತಿದ್ದದ್ದೂ ಇದೆ.

ನಾನು ಈ 60ನ್ನು ಬಿಡದೆ ಇರೋಕೆ ಕಾರಣ ಅದರ ಟೋನ್‌ಗಿಂತ ಹೆಚ್ಚಾಗಿ ಎಡಗಡೆಯ ಆ ಪುಟ್ಟ ಕಡ್ಡಿ. ಬೇರೆ ಕಂಪನಿಗಳು ಬಹಳಷ್ಟು ಕಡೆ ಎರಡು ಚಕ್ರ ಇಡುತ್ತವೆ, ಒಂದು ಸ್ವರ ಬಗ್ಗಿಸೋಕೆ, ಒಂದು ಕಂಪನಕ್ಕೆ. ರೋಲ್ಯಾಂಡ್ ಬಹಳ ಕಾಲದಿಂದ ಸಾಮಾನ್ಯವಾಗಿ ಒಂದೇ ಕಡ್ಡಿ ಇಡುತ್ತದೆ. ಎಡಕ್ಕೆ ಬಲಕ್ಕೆ ತಳ್ಳಿದರೆ ಸ್ವರ ಇಳಿಯುತ್ತದೆ, ಏರುತ್ತದೆ. ಮುಂದಕ್ಕೆ ಒತ್ತಿದರೆ ಕಂಪನ. ಶಹನಾಯಿ ಟೋನ್ ಹಾಕಿಕೊಂಡು ಬಲಗೈಯಲ್ಲಿ ಗಾಂಧಾರ ಹಿಡಿದು, ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಕಡ್ಡಿ ಇಟ್ಟುಕೊಂಡು ಸಣ್ಣಗೆ ಆಡಿಸುತ್ತಾ, ಕೊನೆಯಲ್ಲಿ ಹಾಗೇ ಮುಂದಕ್ಕೆ ಒತ್ತಿದರೆ ಮದುವೆ ಮಂಟಪದ ವಾಲಗದವರು ತಿರುಗಿ ನೋಡುತ್ತಾರೆ. ಒಂದೇ ಚಲನೆಯಲ್ಲಿ ಎರಡೂ ಕೆಲಸ. ಚಕ್ರದಲ್ಲಿ ಕಲಿತವರು ಇದನ್ನು ಬೈಯುತ್ತಾರೆ. ಕೈ ಬಿಟ್ಟರೆ ಕಂಪನ ನಿಂತುಹೋಗುತ್ತದೆ, ಚಕ್ರದಲ್ಲಾದರೆ ಇಟ್ಟಲ್ಲೇ ಇರುತ್ತದೆ, ಎರಡೂ ಕೈಯಲ್ಲಿ ನುಡಿಸಬೇಕಾದಾಗ ಏನು ಮಾಡೋದು, ಎಂದು. ಅವರು ಹೇಳುವುದೂ ಸರಿ. ಇದು ತಾಯಿಯ ಕೈ ಅಡುಗೆ ಥರ, ಯಾವುದರಲ್ಲಿ ಬೆಳೆದಿರೋ ಅದೇ ರುಚಿ.

ಪ್ಯಾಡಿನ ವಿಷಯ ಬೇರೆಯೇ. ಎಸ್‌ಪಿಡಿ-20 ಕೂಡ 1998ರದ್ದು. ಎಂಟು ರಬ್ಬರ್ ಚೌಕ, ಒಳಗೆ 700 ಸದ್ದು, 99 ಪ್ಯಾಚು, ಅಂದರೆ ಯಾವ ಚೌಕಕ್ಕೆ ಯಾವ ಸದ್ದು ಎಂದು ಜೋಡಿಸಿಟ್ಟ ಗುಂಪು. ಜಪಾನಿನಲ್ಲಿ ಇದನ್ನು ಮಾಡಿದವರು ಡ್ರಮ್ಮರ್ ಪಕ್ಕದಲ್ಲಿ ಸಣ್ಣದೊಂದು ಜೊತೆಗಿರಲಿ ಅಂತ ಮಾಡಿರಬೇಕು. ನಮ್ಮವರು ಅದನ್ನೇ ಇಡೀ ರಿದಮ್ ಸೆಕ್ಷನ್ ಮಾಡಿಬಿಟ್ಟರು. ಒಂದು ಕಾಂಗೋ ಸದ್ದಿನ ಪಿಚ್ ಇಳಿಸಿ, ಇನ್ನೊಂದರ ಬಾಲ ಕತ್ತರಿಸಿ, ಎರಡನ್ನೂ ಒಂದೇ ಚೌಕಕ್ಕೆ ಹಾಕಿ ಢೋಲಕ್ ಮಾಡುತ್ತಾರೆ. ಮೆತ್ತಗೆ ಹೊಡೆದರೆ ಒಂದು, ಜೋರಾಗಿ ಹೊಡೆದರೆ ಇನ್ನೊಂದು ಸದ್ದು ಬರುವ ಹಾಗೆ ಇಡುತ್ತಾರೆ. ನಮ್ಮ ಪ್ಯಾಡ್ ಅಣ್ಣ ಒಂದು ತಮಟೆ ಪ್ಯಾಚ್ ಮಾಡಿಟ್ಟಿದ್ದಾರೆ, ಜಾತ್ರೆಯಲ್ಲಿ ಅದು ಶುರುವಾದರೆ ಅಜ್ಜಂದಿರೂ ಎದ್ದು ಕುಣಿಯುತ್ತಾರೆ. ಆ ಪ್ಯಾಚಿನ ನಂಬರುಗಳನ್ನು ಅವರು ಇವತ್ತಿಗೂ ಯಾರಿಗೂ ಹೇಳಿಕೊಟ್ಟಿಲ್ಲ. ನಾನು ಕೇಳಿದರೆ "ಸಾಯೋ ಮುಂಚೆ ಹೇಳ್ತೀನಿ ಬಿಡಪ್ಪ" ಅನ್ನುತ್ತಾರೆ.

2010ರಲ್ಲಿ ಎಸ್‌ಪಿಡಿ-30 ಬಂತು. ದೊಡ್ಡ ಪರದೆ, ಪೆನ್‌ಡ್ರೈವ್, ನುಡಿಸುತ್ತಲೇ ಲೂಪ್ ಮಾಡುವ ಸೌಲಭ್ಯ. ಕಾಗದದ ಮೇಲೆ ಎಷ್ಟೋ ವಿಷಯದಲ್ಲಿ 20ಕ್ಕಿಂತ ಮೇಲು. ಆದರೂ ಹಳೆ 20 ಬಿಡದವರು ಇದ್ದೇ ಇದ್ದಾರೆ. ಕಾರಣ ಕೇಳಿದರೆ "ಪಂಚ್ ಇಲ್ಲ" ಅನ್ನುತ್ತಾರೆ. ನನಗೆ ಅನ್ನಿಸುವುದು, 20ರ ಒರಟು ಸದ್ದು ನಮ್ಮ ಬಯಲಿನ ಹಾರ್ನ್ ಸ್ಪೀಕರಿನಲ್ಲಿ ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ, 30ರ ನಯವಾದ ಸದ್ದು ಒಳಾಂಗಣಕ್ಕೆ ಚೆಂದ. ಈ ಒಂದು ವಿಷಯದಲ್ಲಿ ಮಾತ್ರ ಕಂಪನಿ ಕಿವಿಗೊಟ್ಟಿದೆ ಅನ್ನಬೇಕು, ಹಳೆ 20ರ ಹೆಸರಲ್ಲೇ ಎಸ್‌ಪಿಡಿ-20 ಪ್ರೊ ಎಂದು ತಂದಿದ್ದಾರೆ. ಹಳೆ ಪ್ಯಾಡಿನ ಸದ್ದುಗಳೂ ಒಳಗಿವೆ.

ಈಗ ಅಕ್ಕನ ಮಗನ ಸಿಟ್ಟಿಗೆ ಬರುತ್ತೇನೆ. ಅವನದ್ದು ಸುಮ್ನೆ ಹುಡುಗಾಟದ ಸಿಟ್ಟಲ್ಲ, ಜಗತ್ತಿನಾದ್ಯಂತ ಸಿಂಥ್ ಹುಚ್ಚರು ಇದನ್ನೇ ಹೇಳುತ್ತಾರೆ. ಮೊದಲನೆಯದು ಹೆಸರಿನ ವಿಚಾರ. 2004ರಿಂದ ಜುನೋ-ಡಿ, ಜುನೋ-ಜಿ, ಜುನೋ-ಡಿಎಸ್ ಎಂದು ಸಾಲು ಸಾಲಾಗಿ ಬಂದವು. ಅವುಗಳಿಗೂ ಆ ಹಳೆ ಜುನೋಗೂ ಹೆಸರು ಬಿಟ್ಟರೆ ನೆಂಟಸ್ತಿಕೆ ಇಲ್ಲ. ಇವು ರೆಕಾರ್ಡ್ ಮಾಡಿದ ಸದ್ದುಗಳನ್ನು ನುಡಿಸುವ ಕೀಬೋರ್ಡುಗಳು. ಕೆಟ್ಟವೇನಲ್ಲ, ಜುನೋ-ಡಿಎಸ್ ಹಗುರ, ಸ್ಟೇಜಿಗೆ ಚೆನ್ನಾಗಿಯೇ ಇದೆ. ಆದರೆ ಅಜ್ಜನ ಹೆಸರು ಮೊಮ್ಮಗನಿಗೆ ಇಡಬಹುದು, ಎದುರು ಮನೆ ಹುಡುಗನಿಗೆ ಇಟ್ಟು ಇವನೂ ನಮ್ಮ ವಂಶದವನೇ ಅನ್ನಬಾರದು.

ಎರಡನೆಯದು ಅನಲಾಗ್ ಜಗಳ. ಅನಲಾಗ್ ಅಂದರೆ ಕಂಪ್ಯೂಟರಿನ ಲೆಕ್ಕವಿಲ್ಲದೆ ಸರ್ಕ್ಯೂಟೇ ನೇರವಾಗಿ ಸದ್ದು ಹುಟ್ಟಿಸುವುದು. ಹಳೆಯದನ್ನು ಹಾಗೇ ಮತ್ತೆ ಮಾಡಿ ಎಂದು ಜನ ವರ್ಷಗಟ್ಟಲೆ ಕೇಳಿದರು. ಕೊರ್ಗ್ ಎಂಬ ಇನ್ನೊಂದು ಕಂಪನಿ 2013ರಲ್ಲಿ ತನ್ನ ಹಳೆ ಎಂಎಸ್-20 ಸಿಂಥನ್ನು ಸಣ್ಣದು ಮಾಡಿ ನಿಜವಾದ ಅನಲಾಗ್ ಸರ್ಕ್ಯೂಟ್ ಹಾಕಿಯೇ ತಂದಿತು. ರೋಲ್ಯಾಂಡ್ 2014ರಲ್ಲಿ ಐರಾ ಎಂಬ ಸಾಲು ತಂದಿತು, ಹಸಿರು ದೀಪಗಳ ಟಿಆರ್-8, ಟಿಬಿ-3. ಒಳಗೆ ಡಿಜಿಟಲ್. ಹಳೆ ಸರ್ಕ್ಯೂಟಿನ ಒಂದೊಂದು ಭಾಗ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೇ ಲೆಕ್ಕ ಹಾಕಿ ಸದ್ದು ಹುಟ್ಟಿಸುವ ವಿಧಾನ. ಕಣ್ಣು ಮುಚ್ಚಿಸಿ ಕೇಳಿಸಿದರೆ ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ. ಅಕ್ಕನ ಮಗ ಗೊತ್ತಾಗುತ್ತದೆ ಎಂದ. ಐದು ಸಲ ಕೇಳಿಸಿದೆ, ಎರಡು ಸಲ ಸರಿ ಹೇಳಿದ. ಆಮೇಲೆ ಹೆಡ್‌ಫೋನ್ ಸರಿಯಿಲ್ಲ ಎಂದ.

ಮೂರನೆಯದರಲ್ಲಿ ನಾನು ಪೂರ್ತಿ ಅವನ ಕಡೆ. 2015ರಲ್ಲಿ ಬೊಟೀಕ್ ಎಂಬ ಪುಟ್ಟ ಪೆಟ್ಟಿಗೆಗಳು ಬಂದವು. ಜುನೋ-106ರ ಅವತಾರ ಜೆಯು-06. ಮುದ್ದಾಗಿದೆ, ತಗಡಿನ ಮೈ, ಟಿಫಿನ್ ಡಬ್ಬಿ ಹಿಡಿದ ಹಾಗೆ ಕೈಯಲ್ಲಿ ಕೂರುತ್ತದೆ. ಆದರೆ ಮೂಲದಲ್ಲಿ ಒಟ್ಟಿಗೆ ಆರು ಸ್ವರ, ಇದರಲ್ಲಿ ನಾಲ್ಕೇ. ಎಡಗೈಯಲ್ಲಿ ಮೂರು ಸ್ವರದ ಕಾರ್ಡ್ ಹಿಡಿದರೆ ಬಲಗೈಗೆ ಉಳಿಯುವುದು ಒಂದು. ಜಾಸ್ತಿ ಬೇಕಾದರೆ ಎರಡು ಕೊಂಡು ಜೋಡಿಸಿ ಅಂದರು! ಸ್ಲೈಡರುಗಳೋ ಬೆಂಕಿಕಡ್ಡಿ ತುದಿಯಷ್ಟು. ಸದ್ದು ಬಂಗಾರ, ಆದರೆ ಇದನ್ನು ಮಾಡಿದವರು ನುಡಿಸುವವನ ಬೆರಳು ನೋಡಿಲ್ಲ. ಕೀಬೋರ್ಡ್ ಬೇರೆ ಕೊಳ್ಳಬೇಕು, ಅದೂ ಸಣ್ಣ ಕೀಗಳದ್ದು.

ಇದೇ ಸಂದಿಯಲ್ಲಿ ಬೆಹ್ರಿಂಗರ್ ಎಂಬ ಕಂಪನಿ ನುಗ್ಗಿತು. 2019ರಲ್ಲಿ 303ರ ನಕಲು ಟಿಡಿ-3, 808ರ ನಕಲು ಆರ್‌ಡಿ-8, ಎರಡೂ ಅನಲಾಗ್. ಟಿಡಿ-3ಗೆ ಆಗ ಹೆಚ್ಚುಕಮ್ಮಿ 150 ಡಾಲರ್. ನಕಲು ಮಾಡುವುದು ಸರಿಯಾ ಎಂಬ ಜಗಳ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಆದರೆ ತಮ್ಮ ಮನೆಯ ಮಾವಿನ ಹಣ್ಣನ್ನು ತಾವು ಕೀಳದೆ ಬಿಟ್ಟು, ಪಕ್ಕದವನು ಕಲ್ಲು ಹೊಡೆದ ಎಂದು ಅತ್ತರೆ ಕೇಳುವವರು ಯಾರು? 2025ರಲ್ಲಿ ಕೊನೆಗೂ ಟಿಆರ್-1000 ಬಂತು, 808 ಮತ್ತು ಅದರ ನಂತರದ ತಾಳದ ಪೆಟ್ಟಿಗೆ 909ರ ಅನಲಾಗ್ ಸರ್ಕ್ಯೂಟುಗಳ ಜೊತೆಗೆ. ಬೆಲೆ ನೋಡಿ ಅಕ್ಕನ ಮಗ ಆ ಪುಟ ಮುಚ್ಚಿದ. ನಾನು ತೆರೆಯಲೇ ಇಲ್ಲ.

ರೋಲ್ಯಾಂಡ್ ಕ್ಲೌಡ್ ಎಂದು ತಿಂಗಳ ಬಾಡಿಗೆಯ ವ್ಯವಸ್ಥೆಯೂ ಇದೆ. ಸದ್ದುಗಳಿಗೆ ಕರೆಂಟ್ ಬಿಲ್ಲಿನ ಹಾಗೆ ತಿಂಗಳು ತಿಂಗಳು ಕಟ್ಟಬೇಕು ಎಂಬುದು ಬಹಳ ಜನರಿಗೆ ಹಿಡಿಸಿಲ್ಲ. ಒಂದೊಂದನ್ನು ಒಂದೇ ಸಲ ದುಡ್ಡು ಕೊಟ್ಟು ಶಾಶ್ವತವಾಗಿ ಕೊಳ್ಳುವ ದಾರಿಯೂ ಇಟ್ಟಿದ್ದಾರೆ, ಅದನ್ನು ಬೈಯುವವರು ಹೇಳುವುದಿಲ್ಲ. ಇನ್ನೊಂದು ದೂರು, ಈಚಿನ ಫ್ಯಾಂಟಮ್, ಜುಪಿಟರ್-ಎಕ್ಸ್, ಜುನೋ-ಎಕ್ಸ್ ಎಲ್ಲದರ ಒಳಗೂ ಜೆನ್-ಕೋರ್ ಎಂಬ ಒಂದೇ ಇಂಜಿನ್, ಮೇಲಿನ ಬಾಡಿ ಮಾತ್ರ ಬೇರೆ. ರೂಮಿನಲ್ಲಿ ಕೂತು ಸಂಗ್ರಹ ಮಾಡುವವನಿಗೆ ಇದು ಮೋಸ. ನನ್ನಂಥವನಿಗೆ ಅನುಕೂಲ, ಒಂದರಲ್ಲಿ ಮಾಡಿದ ಟೋನ್ ಇನ್ನೊಂದಕ್ಕೂ ಹೋಗುತ್ತದೆ. ಒಂದೇ ವಿಷಯ, ಕೂತ ಜಾಗದ ಮೇಲೆ ಬೈಗುಳವೋ ಹೊಗಳಿಕೆಯೋ ಆಗುತ್ತದೆ.

ಸರಿ ಮಾಡಿದ್ದಕ್ಕೂ ಒಂದು ಉದಾಹರಣೆ ಕೊಡದಿದ್ದರೆ ತಪ್ಪಾಗುತ್ತದೆ. ಎಸ್‌ಪಿ-404 ಎಂಬ ಸ್ಯಾಂಪ್ಲರ್, ಅಂದರೆ ಸದ್ದು ರೆಕಾರ್ಡ್ ಮಾಡಿಕೊಂಡು ಮತ್ತೆ ನುಡಿಸುವ ಪೆಟ್ಟಿಗೆ, 2005ರದ್ದು. ಬ್ಯಾಟರಿಯಲ್ಲಿ ಓಡುವ ಅಗ್ಗದ ಡಬ್ಬ. ಹಿಪ್‌ಹಾಪ್ ಬೀಟ್ ಮಾಡುವವರು ಅದರ ಮೊಂಡು ಸದ್ದನ್ನೇ ಪ್ರೀತಿಸಿದರು. 2021ರಲ್ಲಿ ಅದರ ಹೊಸ ರೂಪ ತಂದಾಗ ಆ ಮೊಂಡುತನ ಉಳಿಸಿಕೊಂಡರು, ಆಮೇಲೂ ಬಳಸುವವರು ಕೇಳಿದ್ದನ್ನು ಅಪ್‌ಡೇಟಿನಲ್ಲಿ ಪುಕ್ಕಟೆ ಸೇರಿಸುತ್ತಾ ಹೋದರು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಎಲ್ಲ ಕಡೆ ಯಾಕೆ ಮಾಡುವುದಿಲ್ಲವೋ. ಕಾಕೆಹಾಶಿಯವರೇ 2013ರಲ್ಲಿ ಕಂಪನಿ ಬಿಟ್ಟು ಹೊರಗೆ ಬಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ ಎಟಿವಿ ಎಂಬ ಬೇರೆ ಕಂಪನಿ ಕಟ್ಟಿದರು. 2017ರಲ್ಲಿ ತೀರಿಕೊಂಡರು. ಕಟ್ಟಿದವನೇ ಮನೆ ಬಿಟ್ಟು ಹೋದ ಮೇಲೆ ನೆರೆಯವರ ಮಾತು ಕೇಳಬೇಕೇ.

ಇಷ್ಟೆಲ್ಲ ಆದ ಮೇಲೆ ಆ ಅಪ್ಪಂದಿರಿಗೆ ನಾನು ಏನು ಹೇಳುತ್ತೇನೆ? ಮಗು ಆರನೇ ಕ್ಲಾಸು, ಇನ್ನೂ ಸರಳೆ ಜಂಟಿ ನುಡಿಸುತ್ತಿದೆ ಎಂದರೆ ರೋಲ್ಯಾಂಡ್ ಬೇಡ. ಸ್ಪೀಕರ್ ಒಳಗೇ ಇರುವ ಯಾವುದಾದರೂ ಸಾದಾ ಕೀಬೋರ್ಡ್ ಸಾಕು. ಸ್ಟೇಜಿಗೆ ಮಾಡಿದ ಈ ಸಿಂಥ್‌ಗಳಲ್ಲಿ ಸಾಮಾನ್ಯವಾಗಿ ಸ್ಪೀಕರ್ ಇರುವುದಿಲ್ಲ. ಮನೆಗೆ ತಂದು ಸ್ವಿಚ್ ಹಾಕಿ ಸದ್ದೇ ಬರುತ್ತಿಲ್ಲ ಎಂದು ನನಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದವರು ಇದ್ದಾರೆ.

ಹುಡುಗ ಟ್ರೂಪಿಗೆ ಸೇರುತ್ತಾನೆ ಎಂದರೆ ಎಕ್ಸ್‌ಪಿಎಸ್-10 ಅಥವಾ ಎಕ್ಸ್‌ಪಿಎಸ್-30 ನೋಡಿ. ನಮ್ಮ ದೇಶದ ವಾದ್ಯಗಳ ಟೋನ್ ಇರುತ್ತದೆ, ಹೊರಗಿನ ಸ್ಯಾಂಪಲ್ಲೂ ಹಾಕಿಕೊಳ್ಳಬಹುದು. 10ರ ಮೈ ಪ್ಲಾಸ್ಟಿಕ್ಕು, ಮುಟ್ಟಿದರೆ ಸ್ವಲ್ಪ ಆಟಿಕೆ ಅನ್ನಿಸುತ್ತದೆ, ಆದರೆ ಹಗುರ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಬಹುದು. ಪೆನ್‌ಡ್ರೈವಿನಲ್ಲಿ ಟೋನ್ ತುಂಬಿ ಮಾರುವವರು ಊರೂರಲ್ಲಿ ಇದ್ದಾರೆ. ಹಾಕಿಸುವ ಮುಂಚೆ ನಿಮ್ಮ ಹಳೆಯದನ್ನು ಉಳಿಸಿಟ್ಟುಕೊಳ್ಳಿ, ಮತ್ತೆ ಅಲ್ಲೇ ನಿಂತು ಪ್ರತಿ ಟೋನೂ ಮೇಲಿನ ಸಾ ತನಕ ನುಡಿಸಿ ನೋಡಿ. ಕೆಲವು ಟೋನ್‌ಗಳು ನಡುವಿನ ಸ್ಥಾಯಿಯಲ್ಲಿ ಕೊಳಲು, ಮೇಲೆ ಹೋದರೆ ಸೊಳ್ಳೆ.

ಹಳೆ 60 ಕೊಳ್ಳುವವರಿಗೆ ಇಷ್ಟು. ಹೊರಡುವಾಗ ಹೆಡ್‌ಫೋನ್ ಒಯ್ಯಿರಿ. 61 ಕೀಯನ್ನೂ ಒಂದೊಂದಾಗಿ ಮೆತ್ತಗೊಮ್ಮೆ, ಜೋರಾಗೊಮ್ಮೆ ಒತ್ತಿ, ಮೆತ್ತಗೆ ಒತ್ತಿದರೂ ಕಿರುಚುವ ಕೀ ಇದ್ದರೆ ಅಡಿಯ ರಬ್ಬರ್ ಹೋಗಿದೆ ಎಂದು ಲೆಕ್ಕ. ಕಡ್ಡಿ ಬಿಟ್ಟ ಕೂಡಲೇ ಸ್ವರ ತನ್ನ ಜಾಗಕ್ಕೆ ಬರುತ್ತದಾ ಕೇಳಿಸಿಕೊಳ್ಳಿ. ಒಳಗೆ ಕಾರ್ಡ್ ಎಷ್ಟಿದೆ ಎಂದು ಅವರು ಹೇಳಿದ್ದನ್ನು ನಂಬಬೇಡಿ, ಪರದೆಯಲ್ಲಿ ತೋರಿಸಿ ಅನ್ನಿ. ಫ್ಲಾಪಿ ಬದಲು ಪೆನ್‌ಡ್ರೈವ್ ಹಾಕುವ ಹಾಗೆ ಮಾಡಿಸಿದ್ದರೆ ಒಳ್ಳೆಯದೇ, ಫ್ಲಾಪಿ ಈಗ ಎಲ್ಲಿ ಸಿಗುತ್ತದೆ.

ಕೊನೆಯದಾಗಿ ಬ್ಯಾಟರಿ. ಒಳಗೆ ಕೈಗಡಿಯಾರದ ಬ್ಯಾಟರಿಯ ಅಣ್ಣನಂಥ ಒಂದು ಬಿಲ್ಲೆ ಇದೆ, ಸಿಆರ್2032. ನೀವು ಮಾಡಿಟ್ಟ ಟೋನ್‌ಗಳೆಲ್ಲ ಉಳಿದಿರುವುದು ಅದರ ದಯದಿಂದ. ಪರದೆಯಲ್ಲಿ ಬ್ಯಾಟರಿ ಕಮ್ಮಿ ಎಂದು ಬಂದರೆ ಮೊದಲು ಎಲ್ಲವನ್ನೂ ಹೊರಗೆ ಉಳಿಸಿಕೊಳ್ಳಿ, ಆಮೇಲೆ ರಿಪೇರಿ ಅಂಗಡಿಗೆ ಹೋಗಿ. ನಾನು ಉಳಿಸದೆ ಕೊಟ್ಟೆ. ಸಂಜೆ ತರೋಕೆ ಹೋದರೆ ರಿಪೇರಿಯವರು ನಗುತ್ತಾ "ಹೊಸದರ ಥರ ಮಾಡಿದ್ದೀನಿ ನೋಡಿ ಸಾರ್" ಎಂದರು. ನಿಜವಾಗಿಯೂ ಹೊಸದರ ಥರವೇ ಆಗಿತ್ತು. ಹನ್ನೊಂದು ವರ್ಷದ ಟೋನ್‌ಗಳು ಒಂದೂ ಇರಲಿಲ್ಲ. ಮರುದಿನ ರಾತ್ರಿ ಚನ್ನರಾಯಪಟ್ಟಣದ ಹತ್ತಿರ ಪ್ರೋಗ್ರಾಮ್ ಇತ್ತು, ವ್ಯಾನಿನಲ್ಲೇ ಕೂತು, ಮೊಬೈಲ್ ಟಾರ್ಚ್ ಹಲ್ಲಿನಲ್ಲಿ ಕಚ್ಚಿಕೊಂಡು, ಶಹನಾಯಿ ಒಂದನ್ನು ಮಾತ್ರ ಹೇಗೋ ಮತ್ತೆ ಕಟ್ಟಿಕೊಂಡೆ.